ಅರವತ್ತಾರು ಸಾಕು

ಕರಿಬಸಯ್ಯನಿಗೆ ಮಾತು ಬರುತ್ತಿದ್ದದ್ದು ಸ್ಟೇರಿಂಗಿನಿಂದ. ಅದನ್ನು ಮೊದಲು ಕಂಡುಹಿಡಿದವಳು ಅವನ ಹೆಂಡತಿ ಪಂಪಮ್ಮ, ಅದೂ ಮದುವೆಯಾಗಿ ಹದಿನಾರನೆಯ ದಿನಕ್ಕೆ. ಗುರುಗುಂಟಾದಿಂದ ಸಿಂಧನೂರಿಗೆ ಸೊಸೆಯಾಗಿ ಬಂದ ಮೇಲೆ ಮೊದಲ ಹದಿನೈದು ದಿನ ಗಂಡ ಅವಳ ಕೂಡ ಆಡಿದ್ದನ್ನೆಲ್ಲ ಒಂದು ಕೈಯ ಬೆರಳು ಮಡಚಿ ಎಣಿಸಬಹುದಿತ್ತು. "ನೀರು ಕೊಡು." "ಸಾಕು." "ಬಾಗಿಲಾ ಮುಂದ್ ಮಾಡು." ಮೂಕನಿಗೆ ಕೊಟ್ಟುಬಿಟ್ಟರಲ್ಲ ತನ್ನನ್ನು ಅಂತ ಅವಳು ಒಲೆಯ ಮುಂದೆ ಕೂತು ಹೊಗೆಯ ನೆವ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹದಿನಾರನೆಯ ದಿನ ಅವನು ಮಿಲ್ಲಿನ ಲಾರಿಗೆ ಅಕ್ಕಿ ಹೇರಿಕೊಂಡು ಲಿಂಗಸುಗೂರಿಗೆ ಹೊರಟಿದ್ದ. "ತವರಿಗೆ ಹೋಗಿ ಬರ್ತಿಯೇನು?" ಅಂದ. ಅದು ಎಪ್ಪತ್ತನಾಲ್ಕನೆಯ ಇಸವಿ, ಹಿಂಗಾರಿನ ದಿನ. ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಹೆಂಗೋ ಕ್ಯಾಬಿನ್ ಏರಿದಳು. ಎಂಜಿನ್ನಿನ ಮೇಲೆ ಹಾಸಿದ ಕೌದಿ ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಸ್ಟೇರಿಂಗಿನ ಸುತ್ತ ಕೆಂಪು ಹಸಿರು ಪ್ಲಾಸ್ಟಿಕ್ ದಾರ ಹೆಣೆದಿತ್ತು, ಬಳೆ ಜೋಡಿಸಿದ ಹಾಗೆ, ಒಂದು ಕೆಂಪು, ಒಂದು ಹಸಿರು. ಊರು ದಾಟಿತು, ಮೂರನೆಯ ಗೇರು ಬಿತ್ತು. ಅಷ್ಟರಲ್ಲೇ ಆ ಮನುಷ್ಯ ಬಾಯಿ ತೆರೆದ.

"ಈ ಕಾಲುವಿ ಐತಲ್ಲ, ನಮ್ಮಪ್ಪ ಸಣ್ಣಾವ ಇದ್ದಾಗ ಇದು ಇರಲೇ ಇಲ್ಲ. ಈಗ ನೋಡು, ಭೂಮಿ ಹೆಂಗ ತಲಿಗೆ ಎರಕೊಂಡು ಕುಂತಂಗ ಐತಿ. ಸ್ವಲ್ಪ ತಡಿ, ಮಸ್ಕಿ ಕಡೆ ಬಂತಂದ್ರ ಹಸುರು ಕಡದ ಬಿಡತೈತಿ. ಆಮ್ಯಾಲೆ ಬರೇ ಎರಿ ಹೊಲ. ಜ್ವಾಳ. ಆ ಬೇವಿನ ಗಿಡ ಕಾಣ್ತೈತಲ್ಲ, ಅದಕ್ಕ ನಾ ಅತ್ತಿ ಅಂತೀನಿ. ಯಾವಾಗ ಬಂದ್ರೂ ಸೊಸಿ ಹಾದಿ ಕಾಯೋರಂಗ ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತಿರತಾಳ."

ಪಂಪಮ್ಮ ತಿರುಗಿ ತಿರುಗಿ ನೋಡಿದಳು, ಇವನೇ ಏನು ಅಂತ. ಮಾತು ನಿಲ್ಲಲೇ ಇಲ್ಲ. ಮಸ್ಕಿಯ ಗುಡ್ಡ ಕೆಸರಿನಿಂದ ಎದ್ದ ಎಮ್ಮೆಯ ಹಾಗೆ ಕಂಡಿತು, ಅದಕ್ಕೊಂದು ಮಾತು. ಹಳ್ಳದಲ್ಲಿ ಬಟ್ಟೆ ಒಗೆಯುವವರು ಕೈ ಎತ್ತಿದರು. ಅವರಲ್ಲಿ ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದು ಅನ್ನುವುದೊಂದು ಮಾತು. ಬಿಸಿಲು ಕಿಟಕಿಯಿಂದ ಬಂದು ಅವಳ ಮಡಿಲಿನಲ್ಲಿ ಕೂತಿತ್ತು. ಅವಳಿಗೆ ನಿದ್ದೆಯೂ ಅಲ್ಲ ಎಚ್ಚರವೂ ಅಲ್ಲ, ಅಂಥದ್ದೊಂದು ಸುಖ ಹತ್ತಿತು. ನಡುವೆ ಅವನು, "ಈ ಗಾಡಿಗೆ ಒಂದು ಖೋಡಿ ಐತಿ. ಎಡಕ್ಕ ಎಳಿತೈತಿ. ಆ ಕಡೆ ಯಾರೋ ಕರದಂಗ. ನೀ ಆ ಕಿಟಕ್ಯಾಗ ಬಗ್ಗಿ ನೋಡಿ ಸೈಡ್ ಹೇಳು," ಅಂದ.

"ಸೈಡ್ ಅಂದ್ರ?"

"ರಸ್ತೆದ ಅಂಚು ದೂರ ಇದ್ರ ಹೋಗ್ಲಿ ಅನ್ನು. ಹತ್ರ ಬಂದ್ರ ಹೋ ಅನ್ನು."

ಹಾಗೆ ಅವಳು ಲಿಂಗಸುಗೂರಿನ ತನಕ "ಹೋಗ್ಲಿ, ಹೋಗ್ಲಿ" ಅನ್ನುತ್ತಾ ಹೋದಳು. ಅಲ್ಲಿಂದ ಮುಂದೆ ಗುರುಗುಂಟಾದಲ್ಲಿ ಇಳಿದಾಗ ತಾಯಿ ಕೇಳಿದಳು, "ಅಳಿಯ ಮಾತಾಡ್ತಾನೇನಬೇ?" ಪಂಪಮ್ಮ ನಕ್ಕು, "ಮಾತಾಡ್ತಾರ, ಆದ್ರ ಡೀಸೆಲ್ ಹಾಕಬೇಕು," ಅಂದಳು.

ಜಂಗಮರ ಮನೆಯವನು ಲಾರಿ ಹೊಡೆಯುತ್ತಾನೆ ಅಂತ ಕೆಲವರು ಆಡಿಕೊಳ್ಳುತ್ತಿದ್ದರು, ಜೋಳಿಗೆ ಹಿಡಿಯುವ ಕೈ ಏನು ಹಿಡಿದಿದೆ ನೋಡು ಅಂತ. ಆದರೆ ಪಾಮನಕಲ್ಲೂರಿನಿಂದ ಲಿಂಗಸುಗೂರಿನ ತನಕ "ಅಯ್ನೋರ ಗಾಡಿ" ಅಂದರೆ ಎಲ್ಲರಿಗೂ ಗುರುತು. ಕೈ ಮಾಡಿದವರನ್ನು ಬಿಟ್ಟು ಹೋಗುತ್ತಿರಲಿಲ್ಲ. ಅರವತ್ತರ ಮೇಲೆ ಓಡಿಸುತ್ತಿರಲಿಲ್ಲ. ಊರು ಬಂತು ಅಂದರೆ ಅರ್ಧಕ್ಕೆ ಇಳಿಸುತ್ತಿದ್ದ, ಕೋಳಿಮರಿಗೂ ದಾರಿ ಬಿಡುತ್ತಿದ್ದ. ಪಂಪಮ್ಮ ಆಮೇಲೆ ಒಬ್ಬ ಮಗಳ ತಾಯಿಯಾದಳು, ಮನೆಯ ಮುಂದೆ ನೆರಳಿಗೆ ತಟ್ಟಿ ಕಟ್ಟಿಕೊಂಡು ರೊಟ್ಟಿ ಬಡಿದು ಮಾರುವುದಕ್ಕೆ ಶುರು ಮಾಡಿದಳು. ಆದರೂ ಮನೆತನದ ಮಾತು ಏನೇ ಇದ್ದರೂ ಆಡಲು ಕ್ಯಾಬಿನ್ನೇ ಏರುತ್ತಿದ್ದಳು. ಮಗಳನ್ನು ಮಸ್ಕಿಗೆ ಕೊಡುವುದೋ ಬೇಡವೋ ಅನ್ನುವುದು ತೀರ್ಮಾನವಾದದ್ದೂ ನಾಲ್ಕನೆಯ ಗೇರಿನಲ್ಲೇ.

ತೊಂಬತ್ತಾರರಲ್ಲಿ ಅವನ ಬಲಗಾಲಿನ ಹೆಬ್ಬೆರಳಿಗೆ ಮೊಳೆ ಚುಚ್ಚಿತು. ಸಕ್ಕರೆ ಬೇನೆ ಇದೆ ಅನ್ನುವುದು ಅವತ್ತಿನ ತನಕ ಯಾರಿಗೂ ಗೊತ್ತಿರಲಿಲ್ಲ. ಗಾಯ ಮಾಯಲಿಲ್ಲ, ಕಪ್ಪಗಾಯಿತು, ಮೇಲೆ ಏರಿತು. ರಾಯಚೂರಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಮಿಲ್ಲಿನ ಸಾವ್ಕಾರ ಸೂಗಪ್ಪ ಬಂದು ತಲೆಯ ಹತ್ತಿರ ಕೂತು, "ಅಯ್ನೋರ, ಲೆಕ್ಕ ಬರಿಯಾಕ ಬರ್ರಿ ಮಿಲ್ಲಿಗೆ," ಅಂದರು. ಕರಿಬಸಯ್ಯ ಗೋಡೆ ನೋಡಿದ.

ಮನೆಗೆ ಬಂದ ಮೇಲೆ ಅದೇ ಮೂರು ಮಾತು. ನೀರು ಕೊಡು, ಸಾಕು, ಬಾಗಿಲ. ಆಮೇಲೆ ಎರಡಾಯಿತು. ದೀಪಾವಳಿ ಹೊತ್ತಿಗೆ ಅದೂ ಹೋಯಿತು. ತಟ್ಟೆ ಮುಂದೆ ಇಟ್ಟರೆ ಅರ್ಧ ರೊಟ್ಟಿ ಮುರಿದು ತಳ್ಳುತ್ತಿದ್ದ. ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದಾಗ ಮಾತ್ರ ಅವನ ಕೈ ಕೌದಿಯ ಮೇಲೆ ಸಾವಕಾಶ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿತ್ತು. ಪಂಪಮ್ಮ ರೊಟ್ಟಿ ಬಡಿಯುವುದು ಬಿಟ್ಟು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಈಗ ಮಸ್ಕಿ ತಿರುವು ಇರಬೇಕು ಅಂತ ಅವಳಿಗೆ ತಿಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ತನ್ನ ಕೂಡ ಮಾತಾಡಿದ ಮನುಷ್ಯ ಆ ಕೈಯೊಳಗೆ ಇನ್ನೂ ಇದ್ದಾನೆ, ಹೊರಗೆ ಬರುವ ದಾರಿ ಇಲ್ಲ. ಹೀಗೇ ಬಿಟ್ಟರೆ ಒಂದು ದಿನ ಆ ಕೈಯೂ ನಿಂತುಹೋಗುತ್ತದೆ. ಆ ದಿಗಿಲೊಂದೇ ಅವಳಿಗೆ.

ಮರುವರ್ಷ ಲಿಂಗಸುಗೂರಿನಲ್ಲಿ ಕಾಲು ಜೋಡಿಸುವ ಶಿಬಿರ ಬಂತು. ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಗಾಯದ ತೊಗಲು ಇನ್ನೂ ಗಟ್ಟಿಯಾಗಿಲ್ಲ, ಮುಂದಿನ ಸಲ ಬರ್ರಿ ಅಂದರು. ತಿರುಗಿ ಬಸ್ ನಿಲ್ದಾಣಕ್ಕೆ ಬರುವಾಗ ದಾರಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಶಾಮೀದಸಾಬನ ಅಂಗಡಿ. ಒಳಗಿನಿಂದ ಎಂಜಿನ್ನಿನ ಸಪ್ಪಳ ಬರುತ್ತಿತ್ತು. ಕರಿಬಸಯ್ಯ ಬಗಲಗೋಲು ಊರಿ ನಿಂತುಬಿಟ್ಟ. ಶಾಮೀದಸಾಬ ಕಂಪ್ಯೂಟರಿನ ಮುಂದೆ ಕೂತು ಮೋಟಾರಿನ ಆಟ ಆಡುತ್ತಿದ್ದ. ಗಾಜಿನೊಳಗೆ ರಸ್ತೆ ಓಡುತ್ತಿತ್ತು, ಗಾಡಿ ದಿನ್ನೆ ಏರುತ್ತಿತ್ತು, ಎಂಜಿನ್ ಬಾಯಿ ಬಾಯಿ ಬಿಡುತ್ತಿತ್ತು.

"ಸಾಹೇಬ್ರ," ಅಂತ ಒಂದು ಧ್ವನಿ ಬಂತು. "ಗೇರ್ ಬದಲ್ ಮಾಡ್ರಿ. ಎಂಜಿನ್ ಅಳಾಕತ್ತೈತಿ."

ಪಂಪಮ್ಮ ಹಿಂದೆ ತಿರುಗಿ ನೋಡಿದಳು, ಯಾರು ಅಂದದ್ದು ಅಂತ. ಯಾರೂ ಇರಲಿಲ್ಲ. ಗಂಡನ ಎಡಗೈ ಗಾಳಿಯಲ್ಲಿ ಗೇರಿನ ಕೋಲು ಹಿಡಿದು ನಿಂತಿತ್ತು.

ಬಸ್ಸು ಹತ್ತಿದ ಮೇಲೆ ಅವನು ಮತ್ತೆ ಸುಮ್ಮನಾದ. ಅವಳು ಮಾತ್ರ ಸುಮ್ಮನಾಗಲಿಲ್ಲ. ರೊಟ್ಟಿ ಮಾರಿದ್ದರಲ್ಲಿ ಮಿಗಿಸಿ ತಟ್ಟಿ ತೆಗೆದು ತಗಡು ಹೊದಿಸಬೇಕು ಅಂತ ಎಂಟು ಸಾವಿರ ಕೂಡಿಟ್ಟಿದ್ದಳು. ಅವಳ ಜೊತೆ ರೊಟ್ಟಿ ಬಡಿಯುವ ತಿಮ್ಮವ್ವ ಪಕ್ಕದ ಮನೆಯಾಕೆ, ಬಾಯಿ ಜೋರು. ವಿಷಯ ಕೇಳಿದವಳೇ ಹಿಟ್ಟಿನ ಕೈ ಗಲ್ಲಕ್ಕೆ ಹಚ್ಚಿಕೊಂಡಳು.

"ಆಡೋ ಮಷೀನ್ ತರ್ತಿಯೇನಬೇ? ಗಡ್ಡ ಬೆಳ್ಳಗಾದ ಗಂಡಗ ಆಟಗಿ ಸಾಮಾನು! ಮಳಿಗಾಲ ಬರ್ಲಿ, ಇಬ್ಬರೂ ಅದರ ಬುಡಕ ಕುಂದರ್ರಿ, ಸೋರಂಗಿಲ್ಲ!"

"ಅಯ್ಯ, ಸೋರಿದ್ರ ಸೋರ್ಲಿ ಬಿಡಬೇ. ಒಂದು ಬೋಗಾಣಿ ಇಟ್ರಾತು," ಅಂದಳು ಪಂಪಮ್ಮ.

ಮರುವಾರ ಒಬ್ಬಳೇ ಲಿಂಗಸುಗೂರಿಗೆ ಹೋದಳು. ಸೆರಗಿನ ಗಂಟು ಬಿಚ್ಚದೆಯೇ ಶಾಮೀದಸಾಬನ ಮುಂದೆ ಇಟ್ಟು, "ಇದರಾಗ ಆಗೋವಂಥ ಒಂದು ಗಾಡಿ ಮಾಡಿ ಕೊಡ್ರಿ," ಅಂದಳು.

ಶಾಮೀದಸಾಬ ನಡುವಯಸ್ಸಿನವನು, ಕನ್ನಡಕ ಹಣೆಗೆ ಏರಿಸಿ ಮಾತಾಡುವ ರೂಢಿ. ಸುಮ್ಮನೆ ನಗಲಿಲ್ಲ, ಮೋಸವನ್ನೂ ಮಾಡಲಿಲ್ಲ. "ಅಮ್ಮಾರ, ಹೊಸಾದು ಅಂದ್ರ ಮೂವತ್ತು ಸಾವಿರ ದಾಟತೈತಿ. ರಾಯಚೂರಾಗ ಕಂಪ್ಯೂಟರ್ ಕಲಿಸೋ ಅಂಗಡಿಯವರು ಹಳೇವು ಮಾರಾಕ ತಗದಾರ. ಅವನ್ನ ಬಿಚ್ಚಿ, ಛಲೋ ಪಾರ್ಟ್ ಆರಿಸಿ, ಒಂದಕ್ಕೊಂದು ಜೋಡಿಸಿ ಕೊಡ್ತೀನಿ. ಒಂದ ಕಡೆದಲ್ಲ, ಹಿಂಗ ಕೂಡಿಸಿದ್ದು ನಡಿತೈತೇನು ನಿಮಗ?"

"ಯಾಕ ನಡಿಯಂಗಿಲ್ಲ? ಲಾರಿನೂ ಹಂಗ ಅಲ್ಲೇನ್ರಿ. ಚಾಸಿ ಒಂದ್ ಕಡೆಯಿಂದ ಬರ್ತೈತಿ, ಬಾಡಿ ಬ್ಯಾರೆಯವರು ಕಟ್ತಾರ, ಹಾರ್ನ್ ನಾವು ತಂದು ಹಾಕ್ತೀವಿ."

ಶಾಮೀದಸಾಬ ಕನ್ನಡಕ ಇಳಿಸಿಕೊಂಡು ಅವಳನ್ನು ಒಮ್ಮೆ ಸರಿಯಾಗಿ ನೋಡಿದ. ಆಮೇಲೆ ಹಲಗೆಯ ಮೇಲೆ ಒಂದೊಂದೇ ಸಾಮಾನು ಹರವಿದ. ಹಸಿರು ಹಲಗೆಗಳ ಮೇಲೆ ಸಣ್ಣ ಸಣ್ಣ ಬೆಳ್ಳಿ ಗೆರೆ. ವಿಮಾನದಿಂದ ನೋಡಿದರೆ ಕಾಲುವೆಗಳು ಹೀಗೇ ಕಂಡಾವು ಅಂತ ಅವಳಿಗೆ ಅನ್ನಿಸಿತು. ಅವಳು ವಿಮಾನ ಹತ್ತಿದವಳಲ್ಲ.

"ಇದು ತಲಿ ಅನ್ರಿ. ಇದರಾಗ ಮೂರು ಥರ ಅದಾವ. ಮೂವತ್ತಮೂರರ ಸ್ಪೀಡಿಂದು, ಅರವತ್ತಾರರದು, ನೂರರದು. ಆಟಕ್ಕ ಅಂದ್ರ ನೂರು ಬೇಕ."

"ನೂರು ಬ್ಯಾಡ್ರಿ!" ಪಂಪಮ್ಮ ಎರಡೂ ಕೈ ಅಡ್ಡ ಆಡಿಸಿದಳು. "ನಮ್ಮನಿಯವರು ಅರವತ್ತರ ಮ್ಯಾಲೆ ಓಡಿಸಿದವರಲ್ಲ. ಅರವತ್ತಾರು ಸಾಕು."

"ಅಮ್ಮಾರ, ಅದು ಗಾಡಿ ಸ್ಪೀಡ್ ಅಲ್ಲ. ತಲಿ ಓಡೋ ಸ್ಪೀಡು."

"ತಲಿ ಓಡಿದಷ್ಟ ಗಾಡಿ ಓಡಬೇಕಲ್ರಿ ಮತ್ತ? ಗಾಡಿಗಿಂತ ತಲಿ ಮುಂದ ಓಡಿದ್ರ ಆಕ್ಸಿಡೆಂಟ್ ಆಕೈತಿ."

ಶಾಮೀದಸಾಬ ಕನ್ನಡಕ ಮತ್ತೆ ಹಣೆಗೆ ಏರಿಸಿದ. ಅರವತ್ತಾರನ್ನು ಬದಿಗೆ ಎತ್ತಿಟ್ಟ. ಆಮೇಲೆ ಬಾಚಣಿಗೆಯಂಥ ಸಣ್ಣ ಪಟ್ಟಿ ತೋರಿಸಿದ. "ಇದು ನೆನಪು. ನಾಕು ಹಾಕ್ಲೋ, ಎಂಟು ಹಾಕ್ಲೋ? ನಾಕರಾಗ ಆಟ ಮುಕ್ಕರಿಸಿ ಮುಕ್ಕರಿಸಿ ನಡಿತೈತಿ."

"ನೆನಪು ಕಡಿಮಿ ಮಾಡಬ್ಯಾಡ್ರಿ," ಅಂದಳು ಅವಳು ಮೆಲ್ಲಗೆ.

ಈಗ ಬಂತು ಇಕ್ಕಟ್ಟು. ಉಳಿದ ರೊಕ್ಕದಲ್ಲಿ ಎರಡರಲ್ಲಿ ಒಂದೇ ಆಗುತ್ತಿತ್ತು. ಬಣ್ಣದ ಗಾಜು ಕೊಂಡರೆ ಸಪ್ಪಳದ ಕಾರ್ಡಿಗೆ ರೊಕ್ಕ ಇಲ್ಲ. ಸಪ್ಪಳದ ಕಾರ್ಡು ಕೊಂಡರೆ ಕಪ್ಪು ಬಿಳುಪಿನ ಗಾಜು.

"ಯಾರನ್ನ ಕೇಳ್ರಿ, ಬಣ್ಣಾನ ಅಂತಾರ. ಆಟ ಅಂದ ಮ್ಯಾಲೆ ಕಣ್ಣಿಗೆ ಹಬ್ಬ ಇರಬೇಕು," ಅಂದ ಶಾಮೀದಸಾಬ.

"ಸಪ್ಪಳ ಬಂದ್ ಮಾಡಿ ಆಡಿ ತೋರಸ್ರಿ."

ತೋರಿಸಿದ. ಹಸಿರು ಗುಡ್ಡ, ನೀಲಿ ಆಕಾಶ, ಕೆಂಪು ಗಾಡಿ ಹೋಗುತ್ತಿತ್ತು. ಪಂಪಮ್ಮನಿಗೆ ಅದು ಗೋಡೆಗೆ ಅಂಟಿಸಿದ ಪೋಸ್ಟರನ್ನು ಯಾರೋ ಎಳೆದಾಡಿದ ಹಾಗೆ ಕಂಡಿತು. "ಈಗ ಸಪ್ಪಳ ಹಾಕ್ರಿ," ಅಂದಳು. ಹಾಕಿದ ಕೂಡಲೇ ಗಾಜಿಗೆ ಬೆನ್ನು ತಿರುಗಿಸಿ ಕೂತು ಕಣ್ಣು ಮುಚ್ಚಿದಳು. ಹೊರಗೆ ಬಸ್ಸುಗಳು ಕೂಗುತ್ತಿದ್ದವು, ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು. ಅವಳು ಅಲ್ಲಿರಲಿಲ್ಲ. ಬೆಚ್ಚನೆಯ ಕೌದಿಯ ಮೇಲೆ ಕೂತಿದ್ದಳು.

"ಈಗ ಮೂರನೇ ಗೇರು ಬಿತ್ತು," ಅಂದಳು.

"ಹೌದ್ರಿ."

"ದಿನ್ನಿ ಬಂತು. ಈಗ ಇಳಸಬೇಕು. ಹಾಂ, ಇಳಿಸಿದ್ರಿ."

"ಅರೆ! ಅಮ್ಮಾರ, ನೀವೇನ್ ಡ್ರೈವರ್ರೇನು?"

"ಅಲ್ರಿ. ಪಕ್ಕದಾಗ ಕುಂತಾಕಿ." ಅವಳು ಕಣ್ಣು ತೆರೆದಳು. "ಡ್ರೈವರ್ ಕಿವಿಯಿಂದ ಗಾಡಿ ಹೊಡಿತಾನ್ರಿ. ಕಣ್ಣು ಕೋಳಿ ಕುರಿ ನೋಡಾಕ ಅಷ್ಟ. ಬಣ್ಣ ಬ್ಯಾಡ, ಸಪ್ಪಳ ಹಾಕ್ರಿ."

ಸಪ್ಪಳದ ಕಾರ್ಡಿನ ಬೆನ್ನಿಗೆ ಹದಿನೈದು ತೂತಿನ ಒಂದು ಬಾಯಿ ಇತ್ತು. ಅದಕ್ಕೆ ಆಡುವ ಕೋಲು ಸಿಕ್ಕಿಸಬಹುದು ಅಂತ ಶಾಮೀದಸಾಬ ಹೇಳಿದ. "ಕೋಲು ಆಗ್ಲೇ ಬಗಲಾಗ ಒಂದೈತ್ರಿ ಅವರಿಗೆ. ಸ್ಟೇರಿಂಗ್ ಗಾಲಿ ಬೇಕು," ಅಂದಳು ಪಂಪಮ್ಮ. ಅವನು ತುಸು ಹೊತ್ತು ಹಣೆಯ ಮೇಲಿನ ಕನ್ನಡಕ ಆಡಿಸಿದ. ಆಮೇಲೆ ಕೆಟ್ಟ ರೇಡಿಯೋ ಒಂದರ ವಾಲ್ಯೂಮ್ ತಿರುಗಿಸಿ ನೋಡಿ ತನ್ನಷ್ಟಕ್ಕೆ ನಕ್ಕ. ಆ ಬಾಯಿಗೆ ಬೇಕಾದದ್ದು ಬರೀ ಇಂಥದ್ದೊಂದು ತಿರುಗುವ ವಾಲ್ಯೂಮು; ಅದರ ಕಡ್ಡಿಗೆ ಸ್ಟೇರಿಂಗ್ ಕೂಡಿಸಿದರೆ ಆಯಿತು. "ಗಾಲಿ ನೀವು ತರ್ರಿ. ವಾಲ್ಯೂಮ್ ನಂದು. ಅದಕ್ಕ ರೊಕ್ಕ ಬ್ಯಾಡ."

ಕಡೆಗೆ ಉಳಿದದ್ದು ಡಬ್ಬಿ. ಹೊಸ ನಮೂನೆಯದು ನುಣ್ಣಗಿತ್ತು. ಹಳೆಯದರ ಮುಖದ ಮೇಲೆ ಹಸಿರು ಅಂಕಿ ಬೆಳಗುವ ಒಂದು ಕಿಂಡಿ, ಅದರ ಕೆಳಗೆ ಒಂದು ಗುಂಡಿ. ಅರವತ್ತಾರು ಅಂತ ಬೆಳಗುತ್ತಿತ್ತು. ಗುಂಡಿ ಒತ್ತಿದರೆ ಮೂವತ್ತಮೂರು. ಹಳೆಯ ಆಟಗಳು ಬಹಳ ಜೋರು ಓಡಿದರೆ ನಿಧಾನ ಮಾಡಲಿಕ್ಕೆ ಆ ಗುಂಡಿ ಇತ್ತಂತೆ. ಪಂಪಮ್ಮ ಎರಡು ಸಲ ಒತ್ತಿ ನೋಡಿದಳು. "ಇದು ಬೇಕು," ಅಂದಳು. ಅದು ಅಗ್ಗದ್ದೂ ಆಗಿತ್ತು.

ಸಿಂಧನೂರಿನಲ್ಲಿ ಅಲ್ಲಾಭಕ್ಷನ ಗುಜರಿ ಅಂಗಡಿಯಲ್ಲಿ ಹಳೇ ಜೀಪಿನ ಸ್ಟೇರಿಂಗ್ ಸಿಕ್ಕಿತು. ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಳು. ಸಂತೆಯಿಂದ ಕೆಂಪು ಹಸಿರು ಪ್ಲಾಸ್ಟಿಕ್ ದಾರ ತಂದು ಮೂರು ಮಧ್ಯಾಹ್ನ ಕೂತು ಹೆಣೆದಳು, ಒಂದು ಕೆಂಪು, ಒಂದು ಹಸಿರು. ಗಂಡ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಣೆಯುತ್ತಾ ಹೆಣೆಯುತ್ತಾ ಅವಳಿಗೆ ಹಾದಿಯೆಲ್ಲ ಕಣ್ಣ ಮುಂದೆ ಬರುತ್ತಿತ್ತು, ಸೊಂಟಕ್ಕೆ ಕೈ ಇಟ್ಟ ಬೇವಿನ ಗಿಡ, ಹಳ್ಳ, ಎಮ್ಮೆಯಂಥ ಗುಡ್ಡ. ಸ್ಟೇರಿಂಗನ್ನು ಚೀಲದಲ್ಲಿ ಹಾಕಿ ಲಿಂಗಸುಗೂರಿಗೆ ಒಯ್ದು ಕೊಟ್ಟಳು.

ಹತ್ತು ದಿನದ ಮೇಲೆ ಸಾಮಾನು ತಯಾರಾಯಿತು. ತಾನೇ ಬಂದು ಕೂಡಿಸಿ ಕೊಡುತ್ತೇನೆ ಅಂತ ಶಾಮೀದಸಾಬನೂ ಹೊರಟ. ಬೆಳಗಿನ ಬಸ್ಸು. ಪಂಪಮ್ಮ ಗಾಜನ್ನು ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಂಡಕ್ಟರ್ ಬಂದು ಬಗ್ಗಿ ನೋಡಿದ.

"ಏನಬೇ ಅದು, ಟಿವಿನಾ? ಲಗೇಜ್ ತಗಿ."

"ಟಿವಿ ಅಲ್ರೀ. ಲಾರಿ."

"ಲಾರಿನ ಬಸ್ಸಿನಾಗ ಒಯ್ಯಾಕತ್ತಿಯೇನು? ನಾಳೆ ಬಸ್ಸನ್ನ ಬುಟ್ಟ್ಯಾಗ ಹೊತಗೊಂಡು ಬಾ ಹಂಗಾರ!" ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ. ಆದರೂ ಲಗೇಜಿನ ಚೀಟಿ ಹರಿದು ಕೊಟ್ಟ.

ಮನೆಯಲ್ಲಿ ಕಿಟಕಿಯ ಹತ್ತಿರ ಮೇಜು ಹಾಕಿ ಶಾಮೀದಸಾಬ ಎಲ್ಲ ಕೂಡಿಸಿದ. ಮೇಜಿನ ಅಂಚಿಗೆ ಸ್ಟೇರಿಂಗ್ ಬಿಗಿದ. ಕಾಲಿನ ಕೆಲಸಕ್ಕೆ ಬಾಗಿಲ ಗಂಟೆಯ ಎರಡು ಗುಂಡಿ ತಂದಿದ್ದ. ಬೆರಳಿಗೆ ಸಿಗುವ ಹಾಗೆ ಸ್ಟೇರಿಂಗಿಗೇ ಕೂಡಿಸಿದ, ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ. ಗೇರು ತಾನೇ ಬೀಳುವ ಹಾಗೆ ಮಾಡಿದ. ಪಂಪಮ್ಮ ಗಂಡನ ತೋಳು ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದಳು. ಅವನು ಬರಲಾರೆ ಅನ್ನಲಿಲ್ಲ. ಅನ್ನಲಿಕ್ಕೂ ಮಾತು ಬೇಕಲ್ಲ. ಹಿಟ್ಟಿನ ಕೈಯಲ್ಲೇ ತಿಮ್ಮವ್ವ ಬಾಗಿಲಲ್ಲಿ ಬಂದು ನಿಂತಳು.

ಗಾಜು ಬೆಳಗಿತು. ಬೂದಿ ಬಣ್ಣದ ರಸ್ತೆ, ಬೂದಿ ಬಣ್ಣದ ಗುಡ್ಡ, ಅದಕ್ಕಿಂತ ತುಸು ಬಿಳುಪಾದ ಆಕಾಶ.

"ಯವ್ವಾ, ಬಣ್ಣಾನ ಇಲ್ಲಲ್ಲಬೇ!" ಅಂದಳು ತಿಮ್ಮವ್ವ. "ಎಂಟು ಸಾವಿರ ಕೊಟ್ಟು ಒಲಿ ಮುಂದಿನ ಹೊಗಿ ಹಿಡದ ಗ್ವಾಡಿ ತಂದಿಯೇನು? ಅದು ನಮ್ಮನ್ಯಾಗೂ ಇತ್ತು, ಪುಗಸಟ್ಟೆ ಕೊಡ್ತಿದ್ದೆ."

ಕರಿಬಸಯ್ಯ ಕೆಂಪು ಹಸಿರು ದಾರದ ಮೇಲೆ ಬೆರಳು ಆಡಿಸಿದ. ಗುಂಡಿ ಒತ್ತಿದ. ರಸ್ತೆ ಸರಿಯಿತು. ಗಾಡಿ ಓರೆಯಾಗಿ ಹೋಗಿ ಬೇಲಿಗೆ ಹೊಡೆದು ನಿಂತಿತು. ಶಾಮೀದಸಾಬ ಮತ್ತೆ ಹಚ್ಚಿಕೊಟ್ಟ. ಮತ್ತೆ ಬೇಲಿ. ಮೂರನೆಯ ಸಲ ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ. ಮುಖ ಸಾವಕಾಶ ಗೋಡೆಯ ಕಡೆ ತಿರುಗತೊಡಗಿತು.

ಪಂಪಮ್ಮ ಡಬ್ಬಿಯನ್ನೂ ಗಾಜನ್ನೂ ತಿರುಗಿ ತಿರುಗಿ ನೋಡಿದಳು. ತಾನು ಆರಿಸಿದ್ದೆಲ್ಲ ತಪ್ಪಾಯಿತೇನೋ. ಬಣ್ಣ ಬೇಕಿತ್ತೇನೋ. ನೂರು ಬೇಕಿತ್ತೇನೋ. ಮನೆಯೊಳಗೆ ತಿಮ್ಮವ್ವನ ಬಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಏನೂ ಇಲ್ಲ ಅನ್ನುವುದು ಹೊಳೆದ ಕೂಡಲೇ ಅವಳು ಕೂಗಿದಳು, "ಸಾಹೇಬ್ರ! ಸಪ್ಪಳ ಎಲ್ಲೈತ್ರಿ?"

"ತೌಬಾ!" ಶಾಮೀದಸಾಬ ಹಣೆ ಬಡಿದುಕೊಂಡು ಚೀಲಕ್ಕೆ ಕೈ ಹಾಕಿದ. ಸ್ಪೀಕರಿನ ಡಬ್ಬಿಗಳೆರಡೂ ಅದರ ತಳದಲ್ಲೇ ಕೂತಿದ್ದವು. ತಂತಿ ಸಿಕ್ಕಿಸಿದ.

ಎಂಜಿನ್ ಎದ್ದಿತು.

ಮೊದಲು ಕರಿಬಸಯ್ಯನ ಬೆನ್ನು ನೆಟ್ಟಗಾಯಿತು. ಆಮೇಲೆ ಮುಖ ತಿರುಗಿತು. ಕೈಗಳು ತಾವಾಗಿ ಮೇಲೆದ್ದು ಸ್ಟೇರಿಂಗಿನ ಮೇಲೆ ಕೂತವು, ಗೂಡಿಗೆ ಬಂದ ಹಕ್ಕಿಯ ಹಾಗೆ. ಅವನು ಕಿವಿ ಓರೆ ಮಾಡಿ ಕೇಳುತ್ತಾ, ಕೇಳುತ್ತಾ ಗಾಡಿ ಬಿಟ್ಟ. ಬೇಲಿಯ ಹತ್ತಿರ ಹೋಯಿತು, ಅವನು ತಡೆದು ಎಳೆದ, ರಸ್ತೆಗೆ ಬಂತು.

"ಎಡಕ್ಕ ಎಳಿತೈತಲ್ಲ," ಅಂದ.

ಪಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಶಾಮೀದಸಾಬ ನಾಚಿಕೊಂಡ. "ಅದು ರೇಡಿಯೋ ವಾಲ್ಯೂಮ್ ನೋಡ್ರಿ ಅಯ್ನೋರ, ಒಂದ್ ಕಡೆ ಜೋರು, ಒಂದ್ ಕಡೆ ಸಾವಕಾಶ ತಿರಗತೈತಿ. ಬ್ಯಾರೆ ಹುಡುಕಿ ಹಾಕಿ ಕೊಡ್ತೀನಿ."

"ಬ್ಯಾಡ್ರಿ. ಇರ್ಲಿ. ಗುರುತಿನ ಗಾಡಿ."

ಹಿಂದಿನಿಂದ ಬೇರೆ ಗಾಡಿಗಳು ಭರ್ ಅಂತ ಬಂದು ದಾಟಿ ದಾಟಿ ಹೋದವು. ಕರಿಬಸಯ್ಯ ಅಂಚು ಹಿಡಿದು ಅಕ್ಕಿ ಹೇರಿದವನ ಹಾಗೆ ಹೋಗುತ್ತಿದ್ದ. ಶಾಮೀದಸಾಬನಿಗೆ ತಡೆಯಲಾಗಲಿಲ್ಲ. "ಅಯ್ನೋರ, ಇದು ಪಂದ್ಯ! ಎಲ್ಲಾರೂ ಮುಂದ್ ಹೋದ್ರು!"

"ಹೋಗ್ಲಿ ಬಿಡ್ರಿ. ಪಾಪ, ಅವರಿಗೆ ಏನ್ ಅರ್ಜೆಂಟ್ ಐತೋ." ಅವನ ಕಣ್ಣು ಡಬ್ಬಿಯ ಮೇಲಿನ ಹಸಿರು ಅಂಕಿಗೆ ಹೋಯಿತು. "ಅದೇನದು?"

"ಸ್ಪೀಡ್," ಅಂದಳು ಪಂಪಮ್ಮ, ಶಾಮೀದಸಾಬ ಬಾಯಿ ತೆರೆಯುವ ಮೊದಲೇ. "ಅರವತ್ತಾರು. ಕೆಳಗ ಗುಂಡಿ ಐತಿ, ಊರು ಬಂದ್ರ ಒತ್ರಿ."

ಗಾಜಿನೊಳಗೆ ನಾಲ್ಕು ಮನೆ ಕಂಡವು. ಅವನು ಎಡಗೈ ಚಾಚಿ ಒತ್ತಿದ. ಮೂವತ್ತಮೂರು. ಎಲ್ಲ ನಿಧಾನವಾಯಿತು. ಗಿಡಗಳು ಸಂಜೆ ಹೊತ್ತು ಊರಿಗೆ ತಿರುಗಿ ಬರುವ ದನಗಳ ಹಾಗೆ ಒಂದರ ಹಿಂದೆ ಒಂದು ಬಂದವು, ಒಂದರ ಹಿಂದೆ ಒಂದು ಹೋದವು. ಬೂದಿ ಬಣ್ಣದ ಬೆಳಕು ಅವನ ಗಡ್ಡದ ಮೇಲೆ ಆಡುತ್ತಿತ್ತು. ತಿಮ್ಮವ್ವ ಕೂಡ ಸುಮ್ಮನೆ ಹೊಸ್ತಿಲಲ್ಲಿ ಕೂತುಬಿಟ್ಟಳು. ಪಂಪಮ್ಮ ಮಣೆ ತಂದು ಅವನ ಎಡಕ್ಕೆ ಹಾಕಿಕೊಂಡಳು. ಅದೇ ಜಾಗ.

"ಅಕಾ ನೋಡು," ಅಂದ ಅವನು. "ಅತ್ತಿ ಇಲ್ಲೂ ಬಂದು ನಿಂತಾಳ. ಸೊಂಟದ ಮ್ಯಾಲೆ ಕೈ."

"ಹೌದಲ್ರಿ!"

"ಮುದುಕಿ ಆಗ್ಯಾಳ. ತಲಿ ಪೂರಾ ಬೆಳ್ಳಗಾಗೈತಿ. ಭತ್ತ ಈ ಸಲ ಹೆಂಗೈತಂತ? ಸಾವ್ಕಾರ ಹೊಸ ಡ್ರೈವರ್ ಇಟ್ಟಾನಂತಲ್ಲ, ಯಾವೂರಾವ? ಮಗಳ ಮನಿಗೆ ಹೋಗಿ..."

ಟಪ್ ಅಂತ ಕರೆಂಟು ಹೋಯಿತು.

ಗಾಜು ಕಪ್ಪಗಾಯಿತು. ಹಸಿರು ಅಂಕಿ ಆರಿತು. ಎಂಜಿನ್ನಿನ ಸಪ್ಪಳ ನಿಂತು, ಹೊರಗೆ ಎಲ್ಲೋ ಕೋಳಿ ಕೂಗುವುದು ಕೇಳಿಸಿತು. ಇನ್ನು ಸಂಜೆಯ ತನಕ ಬರುವುದಿಲ್ಲ ಅಂತ ಶಾಮೀದಸಾಬ ಗೊಣಗುತ್ತಾ ತಂತಿ ಸುತ್ತಿಡಲು ಎದ್ದ. ತಿಮ್ಮವ್ವ, "ಮುಗೀತಾ?" ಅಂದಳು, ಈ ಸಲ ಅಣಕಿಸಲಿಲ್ಲ. ಪಂಪಮ್ಮನಿಗೆ ಗಂಡನ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳು ಕ್ಯಾಬಿನ್ನು ಕಟ್ಟಿಸಿ ತಂದಿದ್ದಳು. ಬಾಗಿಲು ಮತ್ತೆ ಮುಚ್ಚಿತು. ಅವನ ಕೈ ಮಾತ್ರ ನೋಡಿದಳು.

ಕೈ ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಕುಂದರ್ರಿ ಸಾಹೇಬ್ರ," ಅಂದ ಕರಿಬಸಯ್ಯ, ಕಣ್ಣು ಆ ಕಪ್ಪು ಗಾಜಿನ ಮೇಲೇ ಇಟ್ಟು. "ಮುಂದಿನ ದೀಪ ಹೋದ್ರ ಗಾಡಿ ನಿಂದ್ರಸ್ತಾರೇನು? ಈ ಹಾದಿ ನನಗ ಗೊತ್ತೈತಿ. ಮಸ್ಕಿ ಇನ್ನಾ ಎರಡು ಮೈಲ್ ಐತಿ." ಕೈ ತುಸು ಬಲಕ್ಕೆ ತಿರುಗಿತು. "ಪಂಪೀ, ಸುಮ್ನ ಯಾಕ ಕುಂತಿ? ಸೈಡ್ ಹೇಳು."

ಪಂಪಮ್ಮ ಸೆರಗು ಸರಿಮಾಡಿಕೊಂಡು ಎಡಗಡೆಯ ಕಿಟಕಿಯಲ್ಲಿ ಬಗ್ಗಿ ನೋಡಿದಳು. ಹೊರಗೆ ಮಟಮಟ ಬಿಸಿಲು, ತಟ್ಟಿಯ ನೆರಳು, ಆರಲಿಕ್ಕೆ ಹಾಕಿದ ರೊಟ್ಟಿಯ ಬುಟ್ಟಿ.

"ಹೋಗ್ಲಿ," ಅಂದಳು. "ಹೋಗ್ಲಿ... ಹೋಗ್ಲಿ... ಹೋ, ಹಳ್ಳ ಬಂತ್ರಿ."